ತರಕಾರಿ ಪನೀರ್ ಪಲ್ಯ ಪೂರ್ತಿ ಊಟ ಆಗಬೇಕಾದರೆ: ಮೊದಲು ಏನು, ಕೊನೆಗೆ ಏನು

ಪನೀರ್ ಪಲ್ಯದ ಅಳತೆ ಹೇಳಿಕೊಟ್ಟರೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಆಮೇಲೆ ಬಂದು ಹೇಳುವ ದೂರು ಮಾತ್ರ ಒಂದೇ. ಪನೀರ್ ರಬ್ಬರ್ ಥರ ಆಯ್ತು, ರೊಟ್ಟಿ ಜೊತೆ ಗಂಟಲಲ್ಲಿ ಇಳಿಯಲಿಲ್ಲ, ಊಟ ಮಾಡಿ ಎದ್ದು ಒಂದು ಗಂಟೆ ಆಗುವುದರೊಳಗೆ ಮನೆಯವರು ಅವಲಕ್ಕಿ ಡಬ್ಬಿ ಹುಡುಕುತ್ತಿದ್ದರು.

ನನಗೂ ಹೀಗೆ ಆಗಿದೆ. ಸಾಗರದಿಂದ ನೆಂಟರು ಬರುತ್ತಾರೆ ಎಂದು ಬೆಳಿಗ್ಗೆ ಹನ್ನೊಂದಕ್ಕೇ ಪಲ್ಯ ಮುಗಿಸಿ ಮುಚ್ಚಿಟ್ಟಿದ್ದೆ, ಒಂದು ಗಂಟೆಗೆ ಬಿಸಿ ಮಾಡಿ ರೊಟ್ಟಿ ಜೊತೆ ಬಡಿಸಿದೆ. ದೊಡ್ಡಪ್ಪ ಎರಡು ರೊಟ್ಟಿ ತಿಂದು, ತಟ್ಟೆ ಸ್ವಲ್ಪ ಪಕ್ಕಕ್ಕೆ ಸರಿಸಿ, "ತಿಂಡಿ ಆಯ್ತು ಮಾರಾಯ್ತಿ, ಊಟಕ್ಕೆ ಎಷ್ಟೊತ್ತಿಗೆ ಕೂರೋದು?" ಎಂದರು. ತಮಾಷೆಗೇ ಹೇಳಿದ್ದು, ಆದರೆ ಮಾತು ನಿಜ.

ತಪ್ಪು ಪಲ್ಯದಲ್ಲಿ ಇರಲಿಲ್ಲ. ಅದನ್ನು ಯಾವಾಗ ಮಾಡಿದೆ, ಪಕ್ಕದಲ್ಲಿ ಏನಿಟ್ಟೆ ಎನ್ನುವುದರಲ್ಲಿ ಇತ್ತು. ಪಲ್ಯ ಒಣ, ರೊಟ್ಟಿ ಒಣ, ಪನೀರ್ ಸಪ್ಪೆ. ನಮ್ಮ ಕಡೆ ತಟ್ಟೆಯಲ್ಲಿ ಕಲೆಸಿಕೊಳ್ಳಲು ಏನಾದರೂ ನೀರಾದದ್ದು, ನಾಲಿಗೆಗೆ ಸ್ವಲ್ಪ ಹುಳಿ, ಕೊನೆಗೆ ಎರಡು ತುತ್ತು ಅನ್ನ ಇಲ್ಲದಿದ್ದರೆ ಹೊಟ್ಟೆ ತುಂಬಿದರೂ ಊಟ ಆಗುವುದಿಲ್ಲ. ಹಾಗಾಗಿ ಇಲ್ಲಿ ಪಲ್ಯದ ಜೊತೆ ಅಕ್ಕಿ ರೊಟ್ಟಿ, ಒಂದೆಲಗದ ತಂಬುಳಿ, ಹಾಲು ಒಡೆದ ನೀರಿನದೇ ಮೆಣಸಿನ ಸಾರು, ಅನ್ನ ಇಷ್ಟನ್ನೂ ಸೇರಿಸಿ ಹೇಳುತ್ತೇನೆ. ನಾಲ್ಕು ಜನರ ಅಳತೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಮಾಡಲು ಹಾಗಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಗಟ್ಟಿ ಹಾಲು 1 ಲೀಟರ್, ನಿಂಬೆಹಣ್ಣು 2 (ಒಂದು ಹಾಲು ಒಡೆಸಲು, ಒಂದು ಪಲ್ಯಕ್ಕೆ). ತರಕಾರಿ ಎಲ್ಲಾ ಸೇರಿ ಅರ್ಧ ಕೆಜಿ: ಬೀನ್ಸ್ 150 ಗ್ರಾಂ, ಸೀಮೆಬದನೆ ಅಥವಾ ನವಿಲುಕೋಸು 150 ಗ್ರಾಂ, ಕ್ಯಾರೆಟ್ 100 ಗ್ರಾಂ, ದೊಣ್ಣೆಮೆಣಸು 100 ಗ್ರಾಂ. ಅಕ್ಕಿಹಿಟ್ಟು 2 ಲೋಟ, ಅನ್ನಕ್ಕೆ ಅಕ್ಕಿ 1 ಲೋಟ, ಕಾಯಿ ಒಂದು ಹೋಳು, ಒಂದೆಲಗ ಒಂದು ಹಿಡಿ, ಒಂದೂವರೆ ಲೋಟ ಮಜ್ಜಿಗೆ. ಲೋಟ ಎಂದರೆ 200 ಮಿಲಿ ಹಿಡಿಯುವುದು, ಎಲ್ಲದಕ್ಕೂ ಅದೊಂದೇ ಲೋಟ ಬಳಸಿ. ಉಳಿದ ಒಗ್ಗರಣೆ ಸಾಮಾನು ಮನೆಯಲ್ಲಿ ಇದ್ದೇ ಇರುತ್ತದೆ.

ಪಾತ್ರೆಗಳಲ್ಲಿ ಮುಖ್ಯವಾದವು ಮೂರು. ತಳ ದಪ್ಪ ಇರುವ ಹಾಲಿನ ಪಾತ್ರೆ, ಹಳೆಯ ಪಂಚೆಯಿಂದ ಹರಿದ ತೆಳು ಬಟ್ಟೆ (ಸೋಪಿನ ವಾಸನೆ ಇರಬಾರದು, ಬಿಸಿನೀರಲ್ಲಿ ಒಮ್ಮೆ ಅದ್ದಿ ಹಿಂಡಿ), ಮತ್ತೆ ಅಗಲ ಬಾಣಲೆ. ಈ ಅಗಲದ ವಿಷಯ ಸುಮ್ನೆ ಹೇಳುತ್ತಿಲ್ಲ. ಕಿರಿದಾದ ಪಾತ್ರೆಯಲ್ಲಿ ಅರ್ಧ ಕೆಜಿ ತರಕಾರಿ ತುಂಬಿದರೆ ಅದು ಹುರಿಯುವುದಿಲ್ಲ, ತನ್ನದೇ ಹಬೆಯಲ್ಲಿ ಬೇಯುತ್ತದೆ.

ಹಂತ 1: ಪನೀರ್ (ಊಟಕ್ಕೆ ಎರಡೂಕಾಲು ಗಂಟೆ ಮುಂಚೆ)

ಒಂದು ಗಂಟೆಗೆ ಊಟ ಎಂದಾದರೆ ಹತ್ತೂ ಮುಕ್ಕಾಲಿಗೆ ಸರಿಯಾಗಿ ಹಾಲು ಒಲೆ ಮೇಲೆ ಇರಲಿ. ತಳ ಹಿಡಿಯದಂತೆ ಆಗಾಗ ತಿರುವುತ್ತಾ ಉಕ್ಕು ಬರಿಸಿ. ಉಕ್ಕು ಬಂದ ಕೂಡಲೇ ಒಲೆ ಆರಿಸಿ, ಒಂದೆರಡು ನಿಮಿಷ ಬಿಡಿ. ಕುದಿಯುವ ಹಾಲಿಗೇ ಹುಳಿ ಸುರಿಯುವುದು ಎಲ್ಲರೂ ಮಾಡುವ ಮೊದಲ ತಪ್ಪು.

2 ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಸೌಟಿನಿಂದ ಮೆಲ್ಲಗೆ ತಿರುವಿ. ಜೋರಾಗಿ ಕಡೆದರೆ ಗಡ್ಡೆ ಪುಡಿಪುಡಿ ಆಗುತ್ತದೆ. ಬಿಳಿ ಗಡ್ಡೆ ಒಂದು ಕಡೆ, ತಿಳಿಹಸಿರು ಹಳದಿ ನೀರು ಒಂದು ಕಡೆ ಬೇರೆ ಆಯಿತೋ, ಅಲ್ಲಿಗೆ ನಿಲ್ಲಿಸಿ. ನಿಂಬೆರಸ ಉಳಿದಿದೆ ಎಂದು ಅದನ್ನೂ ಸುರಿಯಬೇಡಿ, ಪನೀರ್ ಹುಳಿಯಾಗುತ್ತದೆ, ಮುಟ್ಟಿದರೆ ಉದುರುತ್ತದೆ. ನೀರು ಇನ್ನೂ ಹಾಲಿನ ಬಣ್ಣದಲ್ಲೇ ಇದ್ದರೆ ಮಾತ್ರ ಅರ್ಧ ಚಮಚ ಹೆಚ್ಚು ಹಾಕಿ, ಸ್ವಲ್ಪ ಬಿಸಿ ಮಾಡಿ ನೋಡಿ. ಒಡೆದ ಮೇಲೂ ಕುದಿಸುತ್ತಾ ಕೂರುವವರಿದ್ದಾರೆ. ರಬ್ಬರ್ ಶುರುವಾಗುವುದು ಅಲ್ಲಿಂದಲೇ.

ಬಟ್ಟೆಯಲ್ಲಿ ಸೋಸಿ. ಕೆಳಗೊಂದು ಪಾತ್ರೆ ಇಡುವುದು ಮರೆಯಬೇಡಿ, ಆ ನೀರು ನಮಗೆ ಬೇಕು. ಒಂದು ಲೀಟರಿಗೆ ಸುಮಾರು 750 ಮಿಲಿ ಸಿಗುತ್ತದೆ. ಅದನ್ನು ತೆಗೆದಿಟ್ಟ ಮೇಲೆ ಗಡ್ಡೆಯ ಮೇಲೆ ಒಂದು ಲೋಟ ತಣ್ಣೀರು ಹಾಕಿ ತೊಳೆಯಿರಿ, ನಿಂಬೆ ವಾಸನೆ ಹೋಗುತ್ತದೆ. ಹತ್ತು ನಿಮಿಷ ನೇತುಹಾಕಿ, ಆಮೇಲೆ ಬಟ್ಟೆ ಸಮೇತ ಚಪ್ಪಟೆ ಮಾಡಿ ತಟ್ಟೆಯ ಮೇಲಿಟ್ಟು, ಇನ್ನೊಂದು ತಟ್ಟೆ ಮುಚ್ಚಿ, ಮೇಲೆ ಎರಡು ಮೂರು ಕೆಜಿ ಭಾರ ಹೇರಿ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಬಿಡಿ. ನೀರು ತುಂಬಿದ ಪಾತ್ರೆ ಸಾಕು. ನಮ್ಮಮ್ಮ ಒರಳಿನ ಗುಂಡನ್ನೇ ಹೇರಿ ಪನೀರನ್ನು ಅಕ್ಕಿ ರೊಟ್ಟಿಗಿಂತ ತೆಳು ಮಾಡಿದ್ದೂ ಇದೆ.

ಗಟ್ಟಿ ಹಾಲಾದರೆ 180ರಿಂದ 200 ಗ್ರಾಂ ಬರುತ್ತದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಬರೀ 3 ಶೇಕಡಾ ಇರುವುದರಿಂದ ಪನೀರ್ ಕಡಿಮೆ ಬರುತ್ತದೆ, ಗಟ್ಟಿಯೂ ಆಗುತ್ತದೆ. ಪಕ್ಕದ ಮನೆಯಲ್ಲಿ ಎಮ್ಮೆ ಹಾಲು ಸಿಕ್ಕರೆ ಯೋಚನೆ ಮಾಡಬೇಡಿ, ಅದನ್ನೇ ತನ್ನಿ.

ಅಂಗಡಿ ಪನೀರ್ ತರುವುದಾದರೆ 200 ಗ್ರಾಂ ಪೊಟ್ಟಣ ಸಾಕು. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ. ಹಾಲು ಮತ್ತು ಹುಳಿ ಪದಾರ್ಥ ಇರಬೇಕು. ತಾಳೆ ಎಣ್ಣೆ, ಖಾದ್ಯ ತೈಲ, ಪಿಷ್ಟ ಎಂದೆಲ್ಲಾ ಇದ್ದರೆ ಅದು ಪನೀರ್ ಅಲ್ಲ, ವಾಪಸ್ ಇಡಿ. ಬಿಡಿಯಾಗಿ ತಂದದ್ದರ ಮೇಲೆ ಅನುಮಾನ ಇದ್ದರೆ ಒಂದು ಚೂರನ್ನು ನೀರಲ್ಲಿ ಕುದಿಸಿ, ಆರಿಸಿ, ಎರಡು ಹನಿ ಅಯೋಡಿನ್ ಟಿಂಚರ್ ಹಾಕಿ. ನೀಲಿ ಬಣ್ಣ ಬಂದರೆ ಪಿಷ್ಟ ಬೆರೆಸಿದ್ದಾರೆ. ಆ ಚೂರನ್ನು ತಿನ್ನಬೇಡಿ, ಎಸೆಯಿರಿ. ಮುಟ್ಟಿದರೆ ಲೋಳೆ, ಹುಳಿ ವಾಸನೆ, ಅಂಚು ಹಳದಿ, ಇದರಲ್ಲಿ ಯಾವುದೊಂದು ಕಂಡರೂ ಪನೀರ್ ಕೆಟ್ಟಿದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೋ, ಫ್ರಿಜ್ ನಂಬಿ ಮೂರು ದಿನದ ಪನೀರ್ ತಂದಿಡಬೇಡಿ.

ಇನ್ನೊಂದು ಮಾತು. ಪಿಜ್ಜಾಗೆ ಹಾಕುವ ಚೀಸ್ ಇದಕ್ಕೆ ಆಗುವುದಿಲ್ಲ. ಹುಳಿ ಹಾಕಿ ಒಡೆಸಿದ ಪನೀರ್ ಬಿಸಿಗೆ ಕರಗುವುದಿಲ್ಲ, ಆ ಚೀಸ್ ಕರಗಿ ನೂಲು ಬಿಡುತ್ತದೆ, ಬೀನ್ಸ್‌ಗೆಲ್ಲಾ ಸುತ್ತಿಕೊಂಡು ಬಾಣಲೆ ತೊಳೆಯುವವರ ಶಾಪ ತಗಲುತ್ತದೆ.

ಹಂತ 2: ತರಕಾರಿ ಹೆಚ್ಚುವುದು (ಪನೀರ್ ಭಾರದ ಅಡಿಯಲ್ಲಿ ಇರುವಾಗ)

ಮೊದಲು ಅನ್ನದ ಅಕ್ಕಿ ತೊಳೆದು ನೆನೆಹಾಕಿ, ಆಮೇಲೆ ಈಳಿಗೆಮಣೆ ಹಿಡಿಯಿರಿ. ಬೀನ್ಸ್ ಸಣ್ಣಗೆ, ಕ್ಯಾರೆಟ್ ಮತ್ತು ಸೀಮೆಬದನೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ದೊಣ್ಣೆಮೆಣಸು ಮಾತ್ರ ದಪ್ಪ ಚೌಕ. ರೊಟ್ಟಿಯಲ್ಲಿ ಸುತ್ತಿ ಬಾಯಿಗಿಡುವ ಪಲ್ಯ ಇದು. ಹೋಟೆಲ್ ನೋಡಿ ಬೆರಳುದ್ದ ಹೆಚ್ಚಿದರೆ ರೊಟ್ಟಿ ಒಂದು ಕಡೆ, ತರಕಾರಿ ಒಂದು ಕಡೆ ಹೋಗುತ್ತದೆ.

ಸೀಮೆಬದನೆ ಸಿಪ್ಪೆ ತೆಗೆಯುವಾಗ ಸೊನೆ ಕೈಗೆ ಅಂಟಿ ಚರ್ಮ ಬಿಗಿದಂತೆ ಆಗುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲವೇ ನೀರಿನೊಳಗೇ ಸಿಪ್ಪೆ ತೆಗೆಯಿರಿ. ಹೆಚ್ಚಿದ ತರಕಾರಿಗಳನ್ನು ಒಂದೇ ತಟ್ಟೆಗೆ ಸುರಿಯಬೇಡಿ, ಬೇಯುವ ಹೊತ್ತು ಒಂದೊಂದಕ್ಕೂ ಬೇರೆ. ಕಳಲೆ (ಎಳೆ ಬಿದಿರು) ಕಾಲದಲ್ಲಿ ಅದನ್ನೂ ಹಾಕಬಹುದಾ ಎಂದು ಕೇಳುತ್ತಾರೆ. ಕಳಲೆ ಬೇಡ. ಅದನ್ನು ದಿನಗಟ್ಟಲೆ ನೆನೆಸಿ ನೀರು ಬದಲಿಸಬೇಕು, ಅದರ ರುಚಿಯ ಮುಂದೆ ಪನೀರ್ ಏನೂ ಅಲ್ಲ.

ಹಂತ 3: ತಂಬುಳಿ ಮತ್ತು ಅನ್ನ

ಹನ್ನೆರಡಕ್ಕೆ ಅನ್ನಕ್ಕಿಡಿ. ಅದರ ಬಗ್ಗೆ ಹೇಳುವುದೇನಿಲ್ಲ, ಸ್ವಲ್ಪ ಮೆತ್ತಗಿದ್ದರೆ ಒಳ್ಳೆಯದು.

ಒಂದೆಲಗವನ್ನು ಮಣ್ಣು ಹೋಗುವಂತೆ ಮೂರು ನಾಲ್ಕು ನೀರಲ್ಲಿ ತೊಳೆದು, ಕಾಲು ಲೋಟ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಮತ್ತು ಉಪ್ಪು ಬೆರೆಸಿ. ತುಪ್ಪದಲ್ಲಿ ಸಾಸಿವೆ, ಒಂದು ಮಜ್ಜಿಗೆ ಮೆಣಸು ಒಗ್ಗರಣೆ. ಆಯಿತು. ಇದನ್ನು ಬಿಸಿ ಮಾಡಬಾರದು, ಒಡೆಯುತ್ತದೆ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ಹೀಗೇ ಮಾಡಿ.

ತಂಬುಳಿಯನ್ನು ಬಿಡಬೇಡಿ ಎಂದು ನಾನು ಯಾಕೆ ಹಟ ಹಿಡಿಯುತ್ತೇನೆ ಎಂದರೆ, ಪಲ್ಯ-ರೊಟ್ಟಿಯ ಒಣ ತುತ್ತಿನ ನಡುವೆ ತಣ್ಣಗೆ ಒಂದು ಗುಟುಕು ಹೋದಾಗಲೇ ಮುಂದಿನ ತುತ್ತು ಬೇಕು ಅನ್ನಿಸುವುದು. ಬಹಳ ಜನ ಈ ಜಾಗಕ್ಕೆ ಟೊಮೆಟೊ ಸಾಸ್ ತಂದಿಡುತ್ತಾರೆ. ಏನು ಹೇಳುವುದು.

ಹಂತ 4: ಒಡೆದ ನೀರಿನ ಸಾರು

ಹಾಲು ಒಡೆದ ನೀರನ್ನು ಮೊದಲೇ ಪಾಲು ಮಾಡಿಕೊಳ್ಳಿ. 350 ಮಿಲಿ ಸಾರಿಗೆ, 200 ಮಿಲಿ ರೊಟ್ಟಿ ಹಿಟ್ಟಿಗೆ, 200 ಮಿಲಿ ಪನೀರ್ ನೆನೆಸಲು. ವಿನೆಗರ್ ಹಾಕಿ ಒಡೆಸಿದ್ದರೆ ಈ ನೀರು ಸಾರಿಗೆ ಬೇಡ, ಕುದಿಸಿದರೆ ವಾಸನೆ ಎದ್ದು ಕಾಣುತ್ತದೆ. ಅಂಗಡಿ ಪನೀರ್ ತಂದವರಿಗೆ ಈ ನೀರೇ ಇರುವುದಿಲ್ಲ, ಅವರು ಸುಮ್ನೆ ಟೊಮೆಟೊ ಸಾರು ಮಾಡಿಕೊಳ್ಳಿ.

ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಐದಾರು ಎಸಳು ಬೆಳ್ಳುಳ್ಳಿ ಜಜ್ಜಿಕೊಳ್ಳಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸು, ಆಮೇಲೆ ಜಜ್ಜಿದ್ದು. ಘಮ ಬಂದಾಗ ಒಡೆದ ನೀರು, ಜೊತೆಗೆ ಒಂದು ಲೋಟಕ್ಕಿಂತ ಸ್ವಲ್ಪ ಜಾಸ್ತಿ ಸಾದಾ ನೀರು, ಅರಿಶಿನ, ಉಪ್ಪು, ಚೂರು ಬೆಲ್ಲ. ಒಂದು ಕುದಿ ಬಂದರೆ ಇಳಿಸಿ. ಹುಣಸೆಹುಳಿ ಹಾಕಬೇಡಿ, ನಿಂಬೆಯ ಹುಳಿ ಅದರಲ್ಲೇ ಇದೆ. ರುಚಿ ನೋಡದೆ ಅಭ್ಯಾಸದ ಮೇಲೆ ಹುಳಿ ಹಿಂಡಿ, ಆಮೇಲೆ ಅಚ್ಚು ಬೆಲ್ಲ ಹಾಕಿ ಸರಿಮಾಡಲು ಒದ್ದಾಡಿದವರು ನನಗೆ ಗೊತ್ತು. ಕುದಿ ಬರುವಾಗ ಸಣ್ಣ ಬಿಳಿ ಚೂರು ತೇಲಿದರೆ ಹೆದರಬೇಡಿ. ನೀರಲ್ಲಿ ಉಳಿದಿದ್ದ ಹಾಲಿನ ಅಂಶ ಅದು, ಕೆಟ್ಟದ್ದಲ್ಲ.

ಹಂತ 5: ಅಕ್ಕಿ ರೊಟ್ಟಿ

ನಮ್ಮ ಕಡೆಯದ್ದು ಹಿಟ್ಟು ಉಕ್ಕರಿಸಿ ಲಟ್ಟಿಸುವ ರೊಟ್ಟಿ, ಹಸಿ ಹಿಟ್ಟಿಗೆ ಈರುಳ್ಳಿ ಹಾಕಿ ತಟ್ಟುವುದಲ್ಲ. ಈ ಊಟಕ್ಕೆ ಉಕ್ಕರಿಸಿದ್ದೇ ಬೇಕು, ಯಾಕೆಂದರೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಅರ್ಧ ಗಂಟೆ ಮೆತ್ತಗೆ ಇರುತ್ತದೆ, ಪಲ್ಯಕ್ಕೆ ಕೈ ಖಾಲಿಯಾಗುತ್ತದೆ.

ಒಂದು ಲೋಟ ಒಡೆದ ನೀರು, ಒಂದೂವರೆ ಲೋಟ ಸಾದಾ ನೀರು, ಉಪ್ಪು, ಒಂದು ಚಮಚ ಎಣ್ಣೆ ಕುದಿಯಲು ಬಿಡಿ. ಕುದಿ ಬಂದಾಗ ಎರಡು ಲೋಟ ಅಕ್ಕಿಹಿಟ್ಟನ್ನು ನಡುವೆ ರಾಶಿ ಹಾಕಿ, ಉರಿ ಸಣ್ಣ ಮಾಡಿ, ಮುಚ್ಚಿ ಮೂರು ನಾಲ್ಕು ನಿಮಿಷ ಬಿಡಿ. ಆಮೇಲೆ ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಿ ಇಳಿಸಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ, ಕೈ ಒದ್ದೆ ಮಾಡಿಕೊಳ್ಳುತ್ತಾ ಚೆನ್ನಾಗಿ ನಾದಿ. ಈ ನಾದುವುದರಲ್ಲಿ ಸೋಮಾರಿತನ ಮಾಡಿದರೆ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ. ಲಟ್ಟಿಸುವಾಗ ಅಂಚು ಸೀಳಿದರೆ ಹಿಟ್ಟು ಸರಿಯಾಗಿ ಬೆಂದಿಲ್ಲ ಅಥವಾ ನಾದಿಲ್ಲ. ಬಿಸಿನೀರು ಚಿಮುಕಿಸಿ ಮತ್ತೆ ನಾದಿ. ಮಣೆಗೆ ಅಂಟುತ್ತಿದ್ದರೆ ನೀರು ಜಾಸ್ತಿಯಾಗಿದೆ, ಒಣ ಹಿಟ್ಟು ಸೇರಿಸಿ.

ಕಾವಲಿ ಚೆನ್ನಾಗಿ ಕಾದಿರಲಿ. ಮೊದಲ ಬದಿ ಸ್ವಲ್ಪವೇ ಹೊತ್ತು, ಮೇಲಿನ ಒಣ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಗುಚಿ, ಎರಡನೇ ಬದಿ ಬೆಂದ ಮೇಲೆ ಕೆಂಡದ ಮೇಲೋ ಗ್ಯಾಸ್ ಉರಿಯ ಮೇಲೋ ಉಬ್ಬಿಸಿ. ಕಾವಲಿ ಕಾಯದೆ ಹಾಕಿದ ರೊಟ್ಟಿ ಹಪ್ಪಳದಂತೆ ಒಣಗುತ್ತದೆ. ಇಷ್ಟು ಹಿಟ್ಟಿಗೆ ಸುಮಾರು ಹತ್ತು ರೊಟ್ಟಿ. ಒಬ್ಬರು ಲಟ್ಟಿಸಿ ಒಬ್ಬರು ಸುಟ್ಟರೆ ಹನ್ನೆರಡೂ ಮುಕ್ಕಾಲಿಗೆ ಮುಗಿಯುತ್ತದೆ.

ಹಂತ 6: ಪಲ್ಯ, ಎಲ್ಲಕ್ಕಿಂತ ಕೊನೆಗೆ

ಪನೀರನ್ನು ಅರ್ಧ ಇಂಚಿನ ಚೌಕಗಳಾಗಿ ಕತ್ತರಿಸಿ. ಉಳಿಸಿಟ್ಟ ಒಡೆದ ನೀರನ್ನು ಬೆಚ್ಚಗೆ ಮಾಡಿ, ಅರ್ಧ ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿ ಅದರಲ್ಲಿ ಪನೀರ್ ಮುಳುಗಿಸಿ ಹದಿನೈದು ನಿಮಿಷ ಬಿಡಿ. ಪನೀರಿಗೆ ತನ್ನದೇ ಉಪ್ಪು ಇರುವುದಿಲ್ಲ. ಪಲ್ಯದ ಉಪ್ಪು ಅದರ ಹೊರಗೇ ನಿಲ್ಲುತ್ತದೆ. "ಪನೀರ್ ಸಪ್ಪೆ" ಎನ್ನುವ ದೂರಿಗೆ ಪೂರ್ತಿ ಮದ್ದು ಈ ಹದಿನೈದು ನಿಮಿಷ. ಅಂಗಡಿ ಪನೀರಾದರೆ ಬೆಚ್ಚಗಿನ ಉಪ್ಪುನೀರು ಸಾಕು.

ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವು, ನಾಲ್ಕೈದು ಜೀರಿಗೆಮೆಣಸು ಅಥವಾ ಎರಡು ಹಸಿಮೆಣಸು. ಇಲ್ಲಿಂದ ಗಡಿಯಾರ ನೋಡಿ. ಬೀನ್ಸ್ ಮೊದಲು, ನವಿಲುಕೋಸಾದರೆ ಅದೂ ಜೊತೆಗೇ, ಎರಡು ಚಮಚ ನೀರು ಚಿಮುಕಿಸಿ ಮೂರು ನಿಮಿಷ. ಆಮೇಲೆ ಕ್ಯಾರೆಟ್, ಸೀಮೆಬದನೆ, ಐದಾರು ನಿಮಿಷ. ಮುಚ್ಚಳ ಪೂರ್ತಿ ಹಾಕಬೇಡಿ, ಬೀನ್ಸ್ ಹಸಿರು ಹೋಗಿ ಮಂಕಾಗುತ್ತದೆ. ಉಪ್ಪು ಈಗಲೂ ಬೇಡ. ಮೊದಲೇ ಹಾಕಿದರೆ ಸೀಮೆಬದನೆ ನೀರು ಬಿಟ್ಟು ಪಲ್ಯ ಗೊಜ್ಜಾಗುತ್ತದೆ. ತರಕಾರಿ ಹಲ್ಲಿಗೆ ಸ್ವಲ್ಪ ಸಿಗುವ ಹಾಗೆ ಬೆಂದಾಗ ದೊಣ್ಣೆಮೆಣಸು ಮತ್ತು ಉಪ್ಪು ಹಾಕಿ, ಉರಿ ಜೋರು ಮಾಡಿ ಎರಡು ನಿಮಿಷ ಕೈಯಾಡಿಸಿ. ಬಾಣಲೆಯ ತಳದಲ್ಲಿ ನೀರು ಕಾಣಬಾರದು. ಕಂಡರೆ ಆರುವವರೆಗೆ ಕಾಯಿರಿ, ಪನೀರ್ ಹಾಕಿ ಆರಿಸಲು ಹೋಗಬೇಡಿ.

ಈಗ ಎಲ್ಲರನ್ನೂ ಊಟಕ್ಕೆ ಕರೆಯಿರಿ. ಹೌದು, ಪನೀರ್ ಹಾಕುವ ಮುಂಚೆಯೇ. ನಮ್ಮನೆಯಲ್ಲಿ ಕರೆದ ಮೇಲೆ ಅಪ್ಪಯ್ಯ ತೋಟದಿಂದ ಬಂದು ಕೈಕಾಲು ತೊಳೆಯಲು ಐದು ನಿಮಿಷವಾದರೂ ಬೇಕು, ನನಗೆ ಬೇಕಾದದ್ದೂ ಅಷ್ಟೇ ಹೊತ್ತು.

ಪನೀರ್ ನೀರು ಬಸಿದು ಬಾಣಲೆಗೆ ಹಾಕಿ. ಸಟ್ಟುಗದಿಂದ ಚುಚ್ಚಬೇಡಿ, ಬಾಣಲೆ ಹಿಡಿದು ಕುಲುಕಿ. ಸಣ್ಣ ಉರಿಯಲ್ಲಿ ಮೂರೇ ನಿಮಿಷ. ಜಾಸ್ತಿ ಹೊತ್ತು ಕಾದರೆ ಪನೀರ್ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ಬಿಗಿಯುತ್ತದೆ, ಮತ್ತೆ ಬಿಸಿ ಮಾಡಿದಾಗಲೂ ಆಗುವುದು ಅದೇ. ತಳದಲ್ಲಿ ಇದ್ದಕ್ಕಿದ್ದಂತೆ ಹಾಲಿನಂಥ ನೀರು ಕಂಡರೆ ಅದೇ ಎಚ್ಚರಿಕೆ, ತಕ್ಷಣ ಇಳಿಸಿ. ಇಳಿಸಿದ ಮೇಲೆ ಒಂದು ಹಿಡಿ ಕಾಯಿತುರಿ, ಅರ್ಧ ಚಮಚ ಆಗಷ್ಟೇ ಕುಟ್ಟಿದ ಕಾಳುಮೆಣಸು, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ನಿಂಬೆಯನ್ನು ಒಲೆ ಮೇಲಿರುವಾಗ ಹಿಂಡಿದರೆ ಕಹಿ.

ಗರಂ ಮಸಾಲೆ? ನಾನು ಹಾಕುವುದಿಲ್ಲ. ಹಾಕಿದರೆ ಪಕ್ಕದ ತಂಬುಳಿ ಬಾಯಿಗೆ ಹತ್ತುವುದೇ ಇಲ್ಲ.

ಹಂತ 7: ಬಡಿಸುವುದು

ಬಟ್ಟಲಲ್ಲಿ ತಂಬುಳಿ ಮೊದಲು, ತಟ್ಟೆಯ ಮೇಲೆ ಚೂರು ಅಪ್ಪೆಮಿಡಿ ಉಪ್ಪಿನಕಾಯಿ, ಆಮೇಲೆ ಪಲ್ಯ, ರೊಟ್ಟಿ. ಒಬ್ಬರಿಗೆ 50 ಗ್ರಾಂ ಪನೀರ್ ಬಂತು ಎಂದರೆ ಸುಮಾರು 9 ಗ್ರಾಂ ಪ್ರೋಟೀನ್, ಸಾರಿಗೆ ಬೇಳೆ ಹಾಕಿಲ್ಲದ ಕೊರತೆ ಅಲ್ಲಿ ತುಂಬುತ್ತದೆ. ಗದ್ದೆ, ತೋಟದ ಕೆಲಸ ಮಾಡಿ ಬಂದವರಿದ್ದರೆ ಇಷ್ಟು ಸಾಲದು. ಅರ್ಧ ಲೋಟ ಹೆಸರುಬೇಳೆ ನೆನೆಸಿ ಸೌತೆಕಾಯಿ ಕೋಸಂಬರಿ ಮಾಡಿ ಸೇರಿಸಿ.

ರೊಟ್ಟಿ ಎರಡಾದ ಮೇಲೆ ಅನ್ನ ತನ್ನಿ, ಒಟ್ಟಿಗೇ ಬಡಿಸಬೇಡಿ. ಮೊದಲು ಸಾರು, ಆಮೇಲೆ ಉಳಿದ ತಂಬುಳಿ ಕಲೆಸಿಕೊಳ್ಳಲಿ. ಸಾರಿಗೆ ನಂಜಿಕೊಳ್ಳಲು ಸ್ವಲ್ಪ ಪಲ್ಯ ಉಳಿಸಿರಬೇಕು. ಎಲ್ಲವನ್ನೂ ರೊಟ್ಟಿಗೇ ಬಡಿಸಿ ಮುಗಿಸಿದರೆ ಅನ್ನದ ಹೊತ್ತಿಗೆ ತಟ್ಟೆ ಬೋಳು. ತಂಬುಳಿ ಇರುವ ದಿನ ಮತ್ತೆ ಮೊಸರು ಬೇಕಿಲ್ಲ.

ಯಾರಾದರೂ ತಡವಾಗಿ ಬರುವವರಿದ್ದರೆ ಅವರ ಪಾಲಿನ ತರಕಾರಿಯನ್ನು ಪನೀರ್ ಹಾಕುವ ಮುಂಚೆಯೇ ತೆಗೆದಿಡಿ, ಪನೀರ್ ಉಪ್ಪುನೀರಲ್ಲೇ ಫ್ರಿಜ್‌ನಲ್ಲಿ ಇರಲಿ, ಬಂದಾಗ ಮೂರು ನಿಮಿಷದ ಕೆಲಸ. ಅಷ್ಟಾಗಿಯೂ ಪಲ್ಯ ಉಳಿದರೆ ಹಾಗೇ ಬಿಸಿ ಮಾಡಬೇಡಿ. ಫ್ರಿಜ್‌ನಲ್ಲಿಟ್ಟು, ಮಾರನೇ ಬೆಳಿಗ್ಗೆ ಪನೀರನ್ನು ಕೈಯಲ್ಲಿ ಪುಡಿ ಮಾಡಿ, ದೋಸೆ ಹಿಟ್ಟು ಕಾವಲಿಗೆ ಹೊಯ್ದ ಕೂಡಲೇ ಮೇಲೆ ಉದುರಿಸಿ ಮುಚ್ಚಿ ಬೇಯಿಸಿ. ಮಕ್ಕಳು ಅದನ್ನು ಪಲ್ಯಕ್ಕಿಂತ ಜಾಸ್ತಿ ತಿನ್ನುತ್ತಾರೆ.